130 ವರ್ಷದ ಮುರಕಲ್ಲಿನ ಇಗರ್ಜಿ: ಹಳೇ ಗೋಡೆ ಉಳಿಸಿಕೊಂಡು ಅಗಲ ಮಾಡಬಹುದಾ?

ಪ್ರಶ್ನೆ: ಗುರ್ಕಾರ

ನಮ್ಮದು ದಕ್ಷಿಣ ಕನ್ನಡದ ಒಳನಾಡಿನ ಒಂದು ಸಣ್ಣ ಇಗರ್ಜಿ (ಚರ್ಚ್). ಊರಿನ ಹೆಸರು ಸದ್ಯಕ್ಕೆ ಬೇಡ, ಊರಲ್ಲೇ ಇನ್ನೂ ಮಾತುಕತೆ ಮುಗಿದಿಲ್ಲ. ನಾನು ಪಾಲನಾ ಮಂಡಳಿಯಲ್ಲಿದ್ದೇನೆ, ನಮ್ಮ ವಾರ್ಡಿನ ಗುರ್ಕಾರ (ಮುಖ್ಯಸ್ಥ) ಕೂಡ. ಅಡಿಕೆ ತೋಟ ಮಾಡಿಕೊಂಡಿರುವವನು, ಕಟ್ಟಡದ ವಿಷಯ ನನ್ನದಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಕಟ್ಟಡಕ್ಕೆ 130 ವರ್ಷ ಆಗಿದೆ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆ, ಎರಡೂವರೆ ಅಡಿ ದಪ್ಪ, 20 ಅಡಿ ಎತ್ತರ. ಜನ ಕೂರುವ ಭಾಗ 30 ಅಡಿ ಅಗಲ, 80 ಅಡಿ ಉದ್ದ. ಮಾಡು ಕಿರಾಲುಬೋಗಿ ಮರದ್ದು, ಮೇಲೆ ಮಂಗಳೂರು ಹಂಚು. 10 ಅಡಿಗೊಂದು ಟ್ರಸ್ (ಮಾಡು ಹೊರುವ ತ್ರಿಕೋನದ ಮರದ ಚೌಕಟ್ಟು) ಇದೆ. ಎರಡು ಟ್ರಸ್‌ಗಳ ನಡುವೆ ಒಂದೊಂದು ಕಮಾನಿನ ಕಿಟಕಿ, 4 ಅಡಿ ಅಗಲದ್ದು. ಹೀಗೆ ಒಂದು ಕಡೆಗೆ 8 ಕಿಟಕಿ.

ಬೆಂಚಲ್ಲಿ ಕೂರುವುದು 260 ಜನ. ಭಾನುವಾರದ ಎರಡನೇ ಪೂಜೆಗೆ 450 ಜನ ಬರುತ್ತಾರೆ. ಮೊಂತಿ ಹಬ್ಬ (ಮೇರಿ ಮಾತೆಯ ಹುಟ್ಟುಹಬ್ಬ), ಕ್ರಿಸ್ಮಸ್ ರಾತ್ರಿ ಎಂದರೆ ಕೇಳಲೇಬೇಡಿ. ಮಳೆಗಾಲದಲ್ಲಿ ವಯಸ್ಸಾದವರು ಹೊರಗೆ ಕೊಡೆ ಹಿಡಿದುಕೊಂಡು ನಿಲ್ಲುತ್ತಾರೆ. ನೋಡಿ ಬೇಜಾರಾಗುತ್ತದೆ.

ಈಗ ಒಬ್ಬ ಕಂಟ್ರಾಕ್ಟರ್ ಒಂದು ಪ್ಲಾನ್ ಕೊಟ್ಟಿದ್ದಾರೆ. ಎರಡೂ ಪಕ್ಕದ ಗೋಡೆ ತೆಗೆದು ಅಲ್ಲಿ ಕಾಂಕ್ರೀಟ್ ಕಾಲಂ ನಿಲ್ಲಿಸಿ, ಎರಡೂ ಕಡೆ 15 ಅಡಿ ಸ್ಲ್ಯಾಬ್ ಹಾಕುವುದು. ಹಳೇ ಮಾಡನ್ನು ಆ ಕಾಲಂಗಳ ಮೇಲೆ ಕೂರಿಸುತ್ತಾರಂತೆ. ಇನ್ನು ಕೆಲವರದ್ದು, ಇಷ್ಟೆಲ್ಲ ಯಾಕೆ, ಪೂರ್ತಿ ಕೆಡವಿ ಹೊಸದು ಕಟ್ಟೋಣ ಅಂತ. ಹಿರಿಯರಿಗೆ ಎರಡೂ ಒಪ್ಪಿಗೆ ಇಲ್ಲ. ಅವರ ಅಜ್ಜಂದಿರು ಪಣೆಯಿಂದ ಕಲ್ಲು ಕಡಿದು ತಲೆ ಮೇಲೆ ಹೊತ್ತು ತಂದ ಗೋಡೆ ಅದು.

ಇನ್ನೆರಡು ವಿಷಯ ಹೇಳಲೇಬೇಕು. ಅಲ್ತಾರ್ (ಪೂಜಾಪೀಠ) ಎದುರಿನ ದೊಡ್ಡ ಕಮಾನಿನ ನೆತ್ತಿಯಲ್ಲಿ ಬಿರುಕು ಬಂದಿದೆ. ಮತ್ತೆ 1990ರ ಸುಮಾರಿಗೆ ಒಳಗೆ ಸಿಮೆಂಟ್ ಸಾರಣೆ ಮಾಡಿಸಿದ್ದರು. ಈಗ ಕೆಳಗಿನ ನಾಲ್ಕಡಿ ಪೂರ್ತಿ ಉಬ್ಬಿ ಉದುರುತ್ತಿದೆ, ಬಿಳಿ ಪುಡಿ ಬರುತ್ತಿದೆ.

ಗೋಡೆ ಉಳಿಸಿಕೊಂಡು ಅಗಲ ಮಾಡುವುದು ಸಾಧ್ಯನಾ? ಮೊದಲು ಯಾವ ಕೆಲಸಕ್ಕೆ ಕೈ ಹಾಕಬೇಕು?

ಉತ್ತರ: ಹಳೇಗೋಡೆ

ಸಾಧ್ಯ ಇದೆ ಸರ್. ನಾನು ಸ್ಟ್ರಕ್ಚರಲ್ ಇಂಜಿನಿಯರ್, ಹಳೇ ಕಟ್ಟಡಗಳ ಕೆಲಸವೇ ಜಾಸ್ತಿ ಮಾಡುವವಳು. ತವರು ಮಂಗಳೂರು, ಹಾಗಾಗಿ ಮುರಕಲ್ಲು, ಹಂಚು, ಮಳೆ ಮೂರೂ ನನಗೆ ಹೊಸದಲ್ಲ. ನೀವು ಅಳತೆ ಸಮೇತ ಬರೆದದ್ದು ಒಳ್ಳೆಯದಾಯಿತು, ಲೆಕ್ಕ ಹಾಕಿಯೇ ಹೇಳಬಹುದು.

ಮೊದಲು ಆ ಪ್ಲಾನ್ ಯಾಕೆ ಬೇಡ ಅಂತ ಹೇಳುತ್ತೇನೆ. ನಿಮ್ಮ ಗೋಡೆಯ ಒಂದು ಮೀಟರ್ ಉದ್ದಕ್ಕೆ, ಮಾಡಿನ ಭಾರವೂ ಸೇರಿ, ಸುಮಾರು 10 ಟನ್ ಕೆಳಗಿಳಿಯುತ್ತದೆ. ಕೇಳುವಾಗ ದೊಡ್ಡದು ಅನಿಸುತ್ತದೆ. ಎರಡೂವರೆ ಅಡಿ ದಪ್ಪಕ್ಕೆ ಹಂಚಿದರೆ ಚದರ ಸೆಂಟಿಮೀಟರಿಗೆ 1.3 ಕೆಜಿ ಅಷ್ಟೇ. ಮುರಕಲ್ಲಿಗೆ ಇರುವ ಭಾರತೀಯ ಮಾನದಂಡ ಐಎಸ್ 3620 ಪ್ರಕಾರ ಒಳ್ಳೆ ಮುರಕಲ್ಲು ಚದರ ಸೆಂಟಿಮೀಟರಿಗೆ ಕನಿಷ್ಠ 35 ಕೆಜಿ ತಡೆಯಬೇಕು. ಗೋಡೆಗೂ ಬಿಡಿ ಕಲ್ಲಿಗೂ ವ್ಯತ್ಯಾಸ ಇದೆ ಅಂತ ಅರ್ಧಕ್ಕಿಂತ ಜಾಸ್ತಿ ಕಳೆದರೂ ಬೇಕಾದಷ್ಟು ಉಳಿಯುತ್ತದೆ. ಭಾರದಿಂದ ಈ ಗೋಡೆ ಜಜ್ಜಿ ಹೋಗುವುದಿಲ್ಲ.

ಹಳೇ ಗೋಡೆಗೆ ಭಯ ಇರುವುದು ಪಕ್ಕಕ್ಕೆ ಬರುವ ತಳ್ಳಿನಿಂದ. ಇಳಿಜಾರು ಮಾಡಿನ ಕೈಮರಗಳು ಗೋಡೆಯನ್ನು ಹೊರಗೆ ತಳ್ಳುತ್ತಾ ಇರುತ್ತವೆ. ಟ್ರಸ್‌ನ ಕೆಳಗಿನ ಅಡ್ಡತೊಲೆ ಆ ಎರಡು ಕೈಮರಗಳ ಬುಡವನ್ನು ಹಿಡಿದು ಎಳೆದುಕೊಂಡಿರುತ್ತದೆ. ಅಡ್ಡತೊಲೆಯ ತುದಿ ಕೊಳೆತು ಕುಂಬಾದ ದಿನ ಆ ಹಿಡಿತ ಹೋಯಿತು. ಆಮೇಲೆ ತಳ್ಳನ್ನು ಗೋಡೆ ತನ್ನ ದಪ್ಪದಿಂದ, ತೂಕದಿಂದ ತಡೆಯಬೇಕು. ಆ ದಪ್ಪವನ್ನೇ ತೆಗೆದು ಒಂದಡಿ ಕಾಲಂ ಇಟ್ಟರೆ ತಡೆಯುವುದು ಯಾರು? ಕೆಲಸ ನಡೆಯುವಾಗಲಂತೂ 80 ಅಡಿ ಉದ್ದದ ಮಾಡನ್ನು ಜಾಕ್ ಮೇಲೆ ತೂಗುಹಾಕಬೇಕು. ಅದು ಮಾಡಲಾಗದ ಕೆಲಸ ಅಂತಲ್ಲ. ಆದರೆ ಅಷ್ಟು ಅಪಾಯ, ಅಷ್ಟು ಖರ್ಚು ನಿಮಗೆ ಬೇಕಾಗಿಯೇ ಇಲ್ಲ.

ನಿಮ್ಮ ಕಟ್ಟಡ ಕಟ್ಟಿದವರು ದಾರಿ ಆಗಲೇ ಬಿಟ್ಟು ಹೋಗಿದ್ದಾರೆ. ಟ್ರಸ್ ಕೂತಿರುವುದು ಎರಡು ಕಿಟಕಿಗಳ ನಡುವಿನ 6 ಅಡಿ ಗಟ್ಟಿ ಗೋಡೆಯ ಮೇಲೆ. ಕಿಟಕಿಯ ಮೇಲಿನ ಭಾರವನ್ನು ಕಮಾನು ಆ ಕಡೆ ಈ ಕಡೆ ದಾಟಿಸುತ್ತದೆ. ಅಂದರೆ ಕಿಟಕಿಯ ಕೆಳಗಿನ ಕಲ್ಲಿನ ಮೇಲೆ ಅದರದೇ ತೂಕ ಬಿಟ್ಟರೆ ಹೆಚ್ಚೇನೂ ಇಲ್ಲ. ಆ ಭಾಗ ಮಾತ್ರ ನೆಲದವರೆಗೆ ಬಿಡಿಸಿ. ಕಿಟಕಿಯ ಅಗಲ ಒಂದಿಂಚೂ ಜಾಸ್ತಿ ಮಾಡಬೇಡಿ, ಕಮಾನು ಮುಟ್ಟಬೇಡಿ. ಒಂದು ಕಡೆಗೆ 8 ಕಮಾನು ಬಾಗಿಲು ಸಿಕ್ಕವು. ನಡುವಿನ ಗೋಡೆಯ ಮೇಲಿನ ಒತ್ತಡ 1.3 ಇದ್ದದ್ದು 2.2ರ ಹತ್ತಿರಕ್ಕೆ ಬರುತ್ತದೆ, ಅದೂ ಪಾಯದ ಮಟ್ಟದ ತನಕ ಮಾತ್ರ. ಪರವಾಗಿಲ್ಲ. ಬಿಡಿಸುವುದನ್ನು ಒಂದು ಬಿಟ್ಟು ಒಂದು ಮಾಡಿ, ಅಕ್ಕಪಕ್ಕದ ಎರಡನ್ನು ಒಟ್ಟಿಗೆ ಬೇಡ. ಬ್ರೇಕರ್ ಮೆಷಿನ್ ಖಂಡಿತ ಬೇಡ. ಗರಗಸದಲ್ಲಿ ಅಂಚು ಕೊಯ್ದು ಕಲ್ಲನ್ನು ಕೈಯಲ್ಲಿ ಬಿಡಿಸಿ, ಆ ಕಲ್ಲು ಹೊಸ ಗೋಡೆಗೆ ಬೇಕಾಗುತ್ತದೆ.

ಆಮೇಲೆ ಹೊರಗಡೆ 12 ಅಡಿ ಅಗಲದ ಹೊಸ ಮೊಗಸಾಲೆ, ಎರಡೂ ಕಡೆ. ಅಗಲ 15 ಅಡಿ ಯಾಕೆ ಬೇಡ ಅಂದರೆ ಹಂಚಿನ ಲೆಕ್ಕ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುವ ಕಡೆ ಮಂಗಳೂರು ಹಂಚಿಗೆ 28 ಡಿಗ್ರಿಯಾದರೂ ಇಳಿಜಾರು ಕೊಡಿ. 12 ಅಡಿಗೆ ಸುಮಾರು ಆರೂವರೆ ಅಡಿ ಇಳಿಯುತ್ತದೆ. ಹಳೇ ಗೋಡೆ ಹತ್ತಿರ 16 ಅಡಿಯಲ್ಲಿ ಶುರುವಾದರೆ ಹೊರ ಅಂಚಿಗೆ ಒಂಬತ್ತೂವರೆ. ಹಳೇ ಮಾಡಿನ ಅಂಚು ಹೊಸ ಮಾಡಿನ ಮೇಲೆ ಚಾಚಿಕೊಂಡಿರುತ್ತದೆ, ಎರಡು ಮಾಡುಗಳ ನಡುವೆ ದಂಬೆ (ಮಳೆನೀರು ಹರಿಯುವ ತೋಡು) ಬರುವುದೇ ಇಲ್ಲ. ಇದು ಬಹಳ ಮುಖ್ಯ. ಹಳೇದು ಹೊಸದು ಕೂಡುವ ಜಾಗದಲ್ಲಿ ದಂಬೆ ಇಟ್ಟರೆ ಎಲೆ ಕಟ್ಟಿ ನೀರು ಗೋಡೆಯೊಳಗೇ ಇಳಿಯುತ್ತದೆ. ಸ್ಲ್ಯಾಬ್ ಅಂತೂ ಬೇಡವೇ ಬೇಡ. ಹಂಚು ರೀಪು ಸೇರಿ ಚದರ ಮೀಟರಿಗೆ ಸುಮಾರು 65 ಕೆಜಿ, ಆರಿಂಚಿನ ಸ್ಲ್ಯಾಬ್ 375 ಕೆಜಿ.

ಹೊಸದು ಹಳೇದಕ್ಕೆ ಆನಿಕೊಳ್ಳಬಾರದು. ನಿಮ್ಮ ಹಳೇ ಪಾಯ 130 ವರ್ಷದಲ್ಲಿ ಕೂರುವಷ್ಟು ಕೂತು ಮುಗಿದಿದೆ. ಹೊಸ ಪಾಯ ಈಗ ಕೂರಲು ಶುರು ಮಾಡುತ್ತದೆ. ಎರಡನ್ನೂ ಕಬ್ಬಿಣದಲ್ಲಿ ಬಿಗಿದರೆ ಹೊಸದು ಇಳಿಯುವಾಗ ಹಳೇದನ್ನೂ ಎಳೆಯುತ್ತದೆ, ಮೊದಲ ಎರಡು ಮಳೆಗಾಲದಲ್ಲೇ ಬಿರುಕು ಕಾಣುತ್ತದೆ. ಹೊಸ ಕಂಬಗಳನ್ನು ಹಳೇ ಗೋಡೆಯಿಂದ 4 ಅಡಿ ದೂರ ನಿಲ್ಲಿಸಿ, ಸ್ಟೀಲ್ ಆದರೆ ತೆಳ್ಳಗೆ ಬರುತ್ತದೆ. ಅಲ್ಲಿಂದ ತೊಲೆಯನ್ನು ಗೋಡೆ ಕಡೆಗೆ ಚಾಚಿ, ಒಂದಿಂಚು ಬಿಟ್ಟು ನಿಲ್ಲಿಸಿ. ಆ ಒಂದಿಂಚಿನ ಮೇಲೆ ನೀರು ಇಳಿಯದ ಹಾಗೆ ತಗಡಿನ ಮುಚ್ಚುಪಟ್ಟಿ (ಫ್ಲಾಶಿಂಗ್). ತಗಡಿನ ಮೇಲಂಚು ಹಳೇ ಗೋಡೆಯ ಗಾರೆ ಸಂದಿನಲ್ಲಿ ಕೂರಲಿ, ಕಲ್ಲು ಕೊರೆಯಬೇಡಿ. ಕಂಬಕ್ಕೂ ಗೋಡೆಗೂ ನಡುವಿನ 4 ಅಡಿ ನಡೆದಾಡುವ ದಾರಿ ಆಗುತ್ತದೆ. ಪಾಯಕ್ಕೆ ಅಗೆಯುವಾಗ ಹಳೇ ಪಂಚಾಂಗದ (ತಳಪಾಯದ ಕಲ್ಲುಕಟ್ಟಿನ) ಬುಡವೂ ಸಡಿಲ ಆಗುವುದಿಲ್ಲ.

ಎರಡೂ ಕಡೆ ಸೇರಿ 1,920 ಚದರ ಅಡಿ. ಓಡಾಡುವ ದಾರಿ ಕಳೆದರೆ ಹತ್ತಿರ ಹತ್ತಿರ 200 ಜನ. 260ಕ್ಕೆ ಕೂಡಿದರೆ ನಿಮ್ಮ 450 ಆಯಿತು. ಒಂದು ಕೊರತೆ ಈಗಲೇ ಹೇಳಿಬಿಡುತ್ತೇನೆ. ಆರಡಿ ಗೋಡೆ ನಡುವೆ ಇರುವುದರಿಂದ ಮೊಗಸಾಲೆಯಲ್ಲಿ ಕೂತವರಲ್ಲಿ ಕೆಲವರಿಗೆ ಅಲ್ತಾರ್ ನೇರ ಕಾಣುವುದಿಲ್ಲ. ಗಾಯನ ಮಂಡಳಿ ಒಂದು ಬದಿಗೆ ಹೋದರೆ, ಬೆಂಚುಗಳನ್ನು ಸ್ವಲ್ಪ ಓರೆ ಹಾಕಿದರೆ ಅರ್ಧ ಸರಿಯಾಗುತ್ತದೆ. ಪೂರ್ತಿ ಆಗುತ್ತದೆ ಅಂತ ಹೇಳಲಾರೆ.

ಇದೆಲ್ಲ ಎರಡನೇ ಕೆಲಸ. ಮೊದಲನೆಯದು ಆ ಕಮಾನಿನ ಬಿರುಕು. ಅದು ಕೆಳಗಡೆ ಜಾಸ್ತಿ ಬಾಯಿ ಬಿಟ್ಟಿದೆಯಾ, ಮೇಲ್ಗಡೆಯಾ? ಪಕ್ಕದ ಗೋಡೆಗೆ ಮೇಲಿಂದ ತೂಗುಗುಂಡು ಬಿಟ್ಟು ನೋಡಿ, ಎಷ್ಟು ವಾಲಿದೆ ಬರೆಯಿರಿ. ಬಡಗಿಯನ್ನು ಮಾಡಿಗೆ ಹತ್ತಿಸಿ, ಆ ಜಾಗದ ಅಡ್ಡತೊಲೆಯ ತುದಿ ಗೋಡೆಯೊಳಗೆ ಹೋಗುವ ಕಡೆ ಉಳಿಯಿಂದ ಚುಚ್ಚಿ ನೋಡಲಿ. ಅಲ್ಲಿಯ ತನಕ ಯಾರೂ ಬಿರುಕಿಗೆ ಸಿಮೆಂಟ್ ತುಂಬಬಾರದು.

ಉತ್ತರ: ಚಿಪ್ಪಿಸುಣ್ಣ

ಮೇಡಂ ಹೇಳಿದ್ದಕ್ಕೆ ಸಾರಣೆ ವಿಷಯ ಸೇರಿಸುತ್ತೇನೆ. ನಾನು ಕುಂದಾಪುರ ಕಡೆಯವನು, ಅಪ್ಪ ಸುಣ್ಣದ ಗಾರೆಯ ಮೇಸ್ತ್ರಿ, ನಾನೂ ಅದೇ ಕೆಲಸ.

ಮುರಕಲ್ಲು ನೆಲದ ನೀರು ಹೀರಿಕೊಳ್ಳುವ ಕಲ್ಲು. ಸುಣ್ಣದ ಸಾರಣೆ ಇದ್ದಾಗ ಆ ನೀರು ಅಲ್ಲಲ್ಲೇ ಆರಿ ಹೋಗುತ್ತಿತ್ತು. ಸಿಮೆಂಟ್ ಬಳಿದ ಮೇಲೆ ಹೊರಗೆ ಬರಲು ದಾರಿ ಇಲ್ಲ, ಮೇಲೆ ಹತ್ತುತ್ತದೆ. ಜೊತೆಗೆ ಬಂದ ಉಪ್ಪು ಸಾರಣೆಯ ಹಿಂದೆ ಹರಳು ಕಟ್ಟಿ ಅದನ್ನೇ ಕಿತ್ತು ಹಾಕುತ್ತದೆ. ನಿಮ್ಮ ಬಿಳಿ ಪುಡಿ ಅದೇ. ಮತ್ತೆ ಸಿಮೆಂಟ್ ಬಳಿದು ಮೇಲೆ ವಾಟರ್‌ಪ್ರೂಫ್ ಪೇಂಟ್ ಹೊಡೆದರೆ ನಾಲ್ಕಡಿ ಇದ್ದದ್ದು ಆರಡಿಗೆ ಹೋಗುತ್ತದೆ.

ಮಳೆ ನಿಂತ ಮೇಲೆ, ನವೆಂಬರ್‌ನಲ್ಲಿ ಶುರು ಮಾಡಿ. ಗೋಡೆಯನ್ನು ಬೆರಳ ಗೆಣ್ಣಲ್ಲಿ ತಟ್ಟುತ್ತಾ ಹೋಗಿ, ಟೊಳ್ಳು ಶಬ್ದ ಬರುವ ಕಡೆ ಸಿಮೆಂಟ್ ತಾನಾಗೇ ಬಿಡುತ್ತದೆ. ಗಟ್ಟಿ ಹಿಡಿದ ಕಡೆ ಸಣ್ಣ ಉಳಿ, ಮರದ ಕೊಡತಿ ಮಾತ್ರ. ಮುರಕಲ್ಲಿನ ಹೊರಮೈ ಗಾಳಿಗೆ ಗಟ್ಟಿಯಾಗಿರುತ್ತದೆ, ಅದು ಹಾರಿ ಹೋದರೆ ಒಳಗಿನದು ಮೆತ್ತಗೆ. ಕಲ್ಲಿನ ಸಂದು ಒಂದಿಂಚು ಕೆರೆದು, ಒಣ ಬ್ರಷ್‌ನಲ್ಲಿ ಉಪ್ಪು ಗುಡಿಸಿ. ನೀರು ಹಾಕಿ ತೊಳೆದರೆ ಉಪ್ಪು ವಾಪಸ್ ಒಳಗೇ ಹೋಗುತ್ತದೆ. ಆಮೇಲೆ ಗೋಡೆ ಒಂದು ಬೇಸಿಗೆ ಬರೀ ಮೈಯಲ್ಲಿ ಇರಲಿ. ಜನರಿಗೆ ನೋಡಲು ಚೆನ್ನಾಗಿರುವುದಿಲ್ಲ, ಆದರೂ ತಡೆದುಕೊಳ್ಳಿ.

ಕಪ್ಪೆಚಿಪ್ಪಿನ ಸುಣ್ಣ ಸಿಗುತ್ತದಾ ವಿಚಾರಿಸಿ. ತಣಿಸಿ ಕನಿಷ್ಠ ಮೂರು ವಾರ ನೀರಲ್ಲೇ ಇಡಿ. ಒಂದಕ್ಕೆ ಮೂರು ಮರಳು. ಅಳಿವೆ ಬಾಯಿಯ ಮರಳು ಬೇಡ, ಅದರಲ್ಲೇ ಉಪ್ಪು ಇರುತ್ತದೆ. ಅಳಲೆಕಾಯಿ, ಬೆಲ್ಲ ನೆನೆಸಿದ ನೀರು ನಮ್ಮಲ್ಲಿ ಹಾಕುತ್ತಾರೆ, ಗಾರೆ ಚೆನ್ನಾಗಿ ಎಳೆಯಲು ಬರುತ್ತದೆ. ಬೆಲ್ಲ ಜಾಸ್ತಿ ಆದರೆ ಬೂಸ್ಟು ಹಿಡಿಯುತ್ತದೆ, ಕೈ ಅಳತೆ ಗೊತ್ತಿರುವವರೇ ಹಾಕಲಿ. ತೆಳ್ಳಗೆ ಮೂರು ಕೋಟು, ಒಂದೊಂದರ ನಡುವೆ ಬಿಡುವು. ಒದ್ದೆ ಗೋಣಿ ಕಟ್ಟಿ ನಿಧಾನ ಆರಲು ಬಿಡಿ. ಸುಣ್ಣ ಗಾಳಿ ಕುಡಿದು ಗಟ್ಟಿಯಾಗುವುದು, ಅವಸರ ಮಾಡಿದರೆ ಸೀಳು ಬಿಡುತ್ತದೆ. ಬರೀ ಮೈಯ ಬೇಸಿಗೆ ಕಳೆದು ಬರುವ ಮುಂದಿನ ಏಪ್ರಿಲ್ ಒಳಗೆ ಸಾರಣೆ ಮುಗಿಯಲೇಬೇಕು. ಮೇಲೆ ಸುಣ್ಣದ ಬಿಳುಪೇ ಇರಲಿ, ಎಮಲ್ಷನ್ ಬೇಡ.

ಪೂರ್ತಿ ಗೋಡೆಗೆ ಕೈ ಹಾಕುವ ಮೊದಲು ಬಾಗಿಲ ಹಿಂದೆ ಎಲ್ಲಾದರೂ 3 ಅಡಿಗೆ 3 ಅಡಿ ಮಾದರಿ ಮಾಡಿಸಿ. ಮೇಸ್ತ್ರಿಯ ಕೈ ಅದರಲ್ಲೇ ಗೊತ್ತಾಗುತ್ತದೆ.

ಉತ್ತರ: ಹೊಸಹೆಜ್ಜೆ

ಎಲ್ಲರ ಮೇಲೂ ಗೌರವ ಇಟ್ಟುಕೊಂಡೇ ಬೇರೆ ಮಾತು ಹೇಳುತ್ತೇನೆ. ನಮ್ಮ ಊರಲ್ಲಿ ಹಳೇದು ತೆಗೆದು ಹೊಸದು ಕಟ್ಟಿದೆವು. ಈಗ 800 ಜನ ಆರಾಮಾಗಿ ಕೂರುತ್ತಾರೆ, ಎಲ್ಲರಿಗೂ ಅಲ್ತಾರ್ ಕಾಣುತ್ತದೆ, ವೀಲ್‌ಚೇರ್ ಒಳಗೆ ಬರುತ್ತದೆ. ಪ್ರತಿ ಮಳೆಗಾಲಕ್ಕೆ ಹಂಚು ಕೈಯಾಡಿಸುವ ಖರ್ಚಿಲ್ಲ. ಇಗರ್ಜಿ ಅಂದರೆ ಜನ, ಕಲ್ಲಲ್ಲ. ಚರಿತ್ರೆಯಲ್ಲೂ ಹೀಗೇ ಆಗಿದೆ. ಬೆಂಗಳೂರಿನ ಸೇಂಟ್ ಮಾರ್ಕ್ಸ್ ಕೆಥೆಡ್ರಲ್ ನೋಡಿ. 1812ರಲ್ಲಿ ಮುಗಿದ ಕಟ್ಟಡ ಸಾಲದೆ ಆಮೇಲೆ ದೊಡ್ಡದು ಮಾಡಿದರು. 1923ರಲ್ಲಿ ಬೆಂಕಿ ಬಿತ್ತು, 1927ರಲ್ಲಿ ಮತ್ತೆ ಎದ್ದು ನಿಂತಿತು. ಯಾವ ಕಾಲದವರೂ ತಮಗೆ ಬೇಕಾದ ಹಾಗೆ ಕಟ್ಟಿಕೊಂಡಿದ್ದಾರೆ. ವಯಸ್ಸಾದವರು ಮಳೆಯಲ್ಲಿ ನಿಲ್ಲುವುದು ತಪ್ಪಬೇಕು ಅಂದರೆ ಅತಿ ಬೇಗ ಆಗುವ ದಾರಿ ಹೊಸದು ಕಟ್ಟುವುದೇ.

ಉತ್ತರ: ಹಳೇಗೋಡೆ

ಹೊಸಹೆಜ್ಜೆಯವರೇ, ವೀಲ್‌ಚೇರ್ ಮಾತು ನೂರಕ್ಕೆ ನೂರು ಸರಿ. ಗುರ್ಕಾರ ಸರ್, ಹೊಸ ಮೊಗಸಾಲೆಯ ನೆಲ ಹಳೇ ನೆಲದ ಮಟ್ಟಕ್ಕೇ ಬರಲಿ. ಹೊರಗಿಂದ ಒಂದಕ್ಕೆ ಹನ್ನೆರಡರ ಇಳಿಜಾರಿನ ರ‍್ಯಾಂಪ್ ಮಾಡಿ. ಇದನ್ನು ನಾನೇ ಮೊದಲು ಬರೆಯಬೇಕಿತ್ತು ಅನ್ನುವಷ್ಟು ಮುಖ್ಯ ವಿಷಯ.

ಆದರೆ ಸೇಂಟ್ ಮಾರ್ಕ್ಸ್‌ನಿಂದ ನನಗೆ ಕಾಣುವುದೇ ಬೇರೆ. ಬೆಂಕಿಯಲ್ಲಿ ಅಷ್ಟು ಹಾಳಾದ ಮೇಲೂ ಅದೇ ಜಾಗದಲ್ಲಿ ಎತ್ತಿ ನಿಲ್ಲಿಸಿದರು. ಸುಟ್ಟದ್ದನ್ನು ಕಟ್ಟುವುದು ಬೇರೆ, ಗಟ್ಟಿ ಇರುವುದನ್ನು ಕೆಡವುವುದು ಬೇರೆ. ಈ ಗೋಡೆ ತನ್ನ ಶಕ್ತಿಯ ಒಂದು ಸಣ್ಣ ಪಾಲು ಮಾತ್ರ ಬಳಸುತ್ತಿದೆ, ಮೇಲಿನ ಲೆಕ್ಕ ನೋಡಿ. ಬೇಸಿಗೆಯಲ್ಲಿ ಹಂಚಿನ ಮಾಡಿನ ಕೆಳಗೆ, ಎರಡೂವರೆ ಅಡಿ ಗೋಡೆಯ ಒಳಗೆ ಕೂತವರಿಗೆ ಆ ತಂಪು ಗೊತ್ತು. ಅದೇ 450 ಜನರನ್ನು ಸ್ಲ್ಯಾಬ್ ಕೆಳಗೆ ಕೂರಿಸಿದರೆ ಏಪ್ರಿಲ್‌ನಲ್ಲಿ ಎಷ್ಟು ಫ್ಯಾನ್ ಇದ್ದರೂ ಸಾಲದು. ಹಂಚು ಕೈಯಾಡಿಸುವ ಖರ್ಚು ಇದೆ, ಒಪ್ಪಿದೆ. ಸ್ಲ್ಯಾಬಿಗೂ ನಮ್ಮ ಮಳೆಯಲ್ಲಿ ಕೆಲವು ವರ್ಷಕ್ಕೆ ಸೋರಿಕೆ, ಕಬ್ಬಿಣದ ತುಕ್ಕು ಬರುತ್ತದೆ. ಆಗ ಅದರ ಮೇಲೆ ಶೀಟ್ ಹಾಕುವುದನ್ನು ಊರೂರಲ್ಲೂ ನೋಡುತ್ತಿದ್ದೇವೆ ಅಲ್ವಾ?

ಬೇಗ ಆಗುವ ಮಾತು. ಮೊಗಸಾಲೆ ಕಟ್ಟುವಾಗ ಒಳಗೆ ಪೂಜೆ ನಿಲ್ಲಿಸಬೇಕಾಗಿಲ್ಲ. ಹೊರಗಿನ ಕಂಬ, ಮಾಡು ಎಲ್ಲ ಮುಗಿದ ಮೇಲೆ ಕೊನೆಗೆ ಕಿಟಕಿ ಕೆಳಗಿನ ಕಲ್ಲು ಬಿಡಿಸುವುದು. ಕೆಡವಿದರೆ ಹೊಸದು ಏಳುವ ತನಕ ಶಾಮಿಯಾನವೇ ಗತಿ.

ಉತ್ತರ: ಕಾನೂನುಮಿತ್ರ

ಅನುಮತಿ ವಿಷಯ ಚಿಕ್ಕದಾಗಿ. ಊರ ಸಭೆಯ ನಿರ್ಣಯ ಸಾಲದು. ಕಥೋಲಿಕ ಧರ್ಮಸಭೆಯ ಕಾನೂನಿನ 1215ನೇ ವಿಧಿಯಂತೆ ಬಿಷಪರ ಲಿಖಿತ ಒಪ್ಪಿಗೆ ಇಲ್ಲದೆ ಹೊಸ ಇಗರ್ಜಿ ಕಟ್ಟುವ ಹಾಗಿಲ್ಲ. 1216ನೇ ವಿಧಿ ದುರಸ್ತಿಗೂ ತಜ್ಞರ ಸಲಹೆ ತಗೊಳ್ಳಿ ಅನ್ನುತ್ತದೆ. ಹಾಗಾಗಿ ಇಂಜಿನಿಯರ್ ವರದಿ ಕೈಯಲ್ಲಿಟ್ಟುಕೊಂಡೇ ಫಾದರ್ ಮೂಲಕ ಧರ್ಮಪ್ರಾಂತ್ಯಕ್ಕೆ ಹೋಗಿ. ಹಳೇ ಪ್ರತಿಮೆ, ಚಿತ್ರ ಏನಾದರೂ ಬೆಲೆಬಾಳುವುದಿದ್ದರೆ ಅದರ ದುರಸ್ತಿಗೆ ಬೇರೆ ಒಪ್ಪಿಗೆ ಬೇಕು, ಅದು 1189ನೇ ವಿಧಿ.

ಪಂಚಾಯತ್ ಲೈಸೆನ್ಸ್ ಹೇಗೂ ಬೇಕು. ಹತ್ತಿರದಲ್ಲಿ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ ಇದೆಯಾ ನೋಡಿಕೊಳ್ಳಿ. ಇದ್ದರೆ 100 ಮೀಟರ್ ಒಳಗೆ ಹೊಸ ಕಟ್ಟಡ ಇಲ್ಲ, ಅದರಾಚೆ 200 ಮೀಟರ್‌ಗೂ ಅನುಮತಿ ಬೇಕು. ಇಗರ್ಜಿ ಪಕ್ಕದಲ್ಲೇ ಹಳೇ ಸಮಾಧಿಗಳಿದ್ದರೆ ಪಾಯ ಗುರುತು ಹಾಕುವ ಮೊದಲೇ ರಿಜಿಸ್ಟರ್ ತೆಗೆದು ನೋಡಿ, ಆ ಕುಟುಂಬದವರ ಜೊತೆ ಮಾತಾಡಿ.

ಗುರ್ಕಾರ

ಎಲ್ಲರಿಗೂ ದೇವರು ಒಳ್ಳೇದು ಮಾಡಲಿ. ಮೇಡಂ ಹೇಳಿದ ಹಾಗೆ ಬಡಗಿಯನ್ನು ಹತ್ತಿಸಿ ನೋಡಿದೆವು.

ಬಿರುಕು ಕೆಳಗಡೆ ಜಾಸ್ತಿ ಬಿಟ್ಟಿದೆ, ಒಂದು ನಾಣ್ಯ ನಿಲ್ಲುವಷ್ಟು. ಮೇಲೆ ಹೋಗುತ್ತಾ ಕೂದಲಿನಷ್ಟು ಸಣ್ಣ. ಉತ್ತರದ ಗೋಡೆ ಅಲ್ತಾರ್ ಹತ್ತಿರ ಹೊರಗೆ ಒಂದೂವರೆ ಇಂಚು ವಾಲಿದೆ, ಬಾಗಿಲ ಕಡೆ ವಾಲಿಲ್ಲ. ಅಲ್ತಾರ್ ಹತ್ತಿರದ ಟ್ರಸ್‌ನ ಅಡ್ಡತೊಲೆ ಉತ್ತರದ ತುದಿಯಲ್ಲಿ ಪೂರ್ತಿ ಕುಂಬು. ಉಳಿ ಹಿಡಿಯವರೆಗೆ ಒಳಗೆ ಹೋಯಿತು, ಒರಲೆಯೂ ಇದೆ. ಅದರ ಸರೀ ಮೇಲೆ ಸಕ್ರಿಸ್ತಿಯ (ಪೂಜೆಯ ಸಾಮಾನು ಇಡುವ ಕೋಣೆಯ) ಮಾಡೂ ದೊಡ್ಡ ಮಾಡೂ ಕೂಡುವ ದಂಬೆ ಇದೆ. ಸಕ್ರಿಸ್ತಿ ಆಮೇಲೆ ಸೇರಿಸಿದ್ದು ಅಂತ ಹಿರಿಯರು ಹೇಳುತ್ತಾರೆ. ಉಳಿದ ಟ್ರಸ್‌ಗಳ ಮರ ಕಬ್ಬಿಣದ ಹಾಗಿದೆ, ಉಳಿ ಜಾರುತ್ತದೆ.

ಇನ್ನೊಂದು. ಉತ್ತರ ಬದಿಯಲ್ಲಿ ಗೋಡೆಯಿಂದ 20 ಅಡಿ ದೂರದಲ್ಲಿ ಬಾವಿ ಇದೆ. ಮಳೆಗಾಲದಲ್ಲಿ ನೀರು ಮೇಲೆಯೇ ಇರುತ್ತದೆ. ಪಾಯ ಅಗೆಯುವಾಗ ನೀರು ಬಂದರೆ ಪಂಪ್ ಹಾಕಿದರೆ ಆಯಿತಲ್ಲ?

ಉತ್ತರ: ಹಳೇಗೋಡೆ

ನಿಮ್ಮ ಬಡಗಿಗೆ ನನ್ನ ನಮಸ್ಕಾರ ಹೇಳಿ. ಪೂರ್ತಿ ಕಥೆ ಸಿಕ್ಕಿತು.

ಕಮಾನು ಕೆಳಗೆ ಬಾಯಿ ಬಿಟ್ಟಿದೆ ಅಂದರೆ ಅದರ ಎರಡು ಕಾಲು ದೂರ ಸರಿದಿವೆ. ಸಾಷ್ಟಾಂಗ ಹಾಕುವ ಹಾಗೆ ಅಂಗೈ ಜಾರಿದರೆ ಎದೆ ಕೆಳಗೆ ಇಳಿಯುತ್ತದಲ್ಲ, ಅದೇ ರೀತಿ. ದಂಬೆ ಸೋರಿತು, ತೊಲೆಯ ತುದಿ ಕುಂಬಾಯಿತು, ಹಿಡಿತ ತಪ್ಪಿ ಕೈಮರ ಉತ್ತರದ ಗೋಡೆಯನ್ನು ತಳ್ಳಿತು, ಕಮಾನು ಬಿರಿಯಿತು. ಮಿಕ್ಕ ಕಡೆ ಗೋಡೆ ನೆಟ್ಟಗಿದೆ. ಆದ್ದರಿಂದ ಪಾಯದ ಮೇಲೆ ನನಗೆ ಅನುಮಾನ ಕಡಿಮೆ. ಆದರೂ ಒಂದು ಮೂಲೆಯಲ್ಲಿ ಗುಂಡಿ ತೆಗೆದು ಪಂಚಾಂಗ ಎಷ್ಟು ಆಳ ಇದೆ ಅಂತ ನೋಡಲೇಬೇಕು.

ಈ ವಾರವೇ ಆ ಟ್ರಸ್‌ಗೆ ಕೆಳಗಿಂದ ಸ್ಟೀಲ್ ಪ್ರಾಪ್ (ತಾತ್ಕಾಲಿಕ ಆಧಾರದ ಕಂಬ) ಕೊಡಿ. ಆ ಜಾಗದ ಬೆಂಚು ತೆಗೆಸಿ, ಜನ ಕೂರುವುದು ಬೇಡ. ದಂಬೆಯ ಮೇಲೆ ತಾತ್ಕಾಲಿಕ ತಗಡು ಹೊದಿಸಿ. ಮಳೆ ನಿಂತ ಮೇಲೆ ಕುಂಬು ಭಾಗ ಕೊಯ್ದು ತೆಗೆದು, ಅದೇ ಜಾತಿಯ ಹಳೇ ಮರದ ತುಂಡು ಕೂಡಿಸಬಹುದು. ಹಳೇ ಮನೆ ಬಿಚ್ಚುವ ಕಡೆ ಕಿರಾಲುಬೋಗಿ ಸಿಗುತ್ತದೆ. ಕೂಡು ಜಾಗಕ್ಕೆ ಎರಡೂ ಕಡೆ ಸ್ಟೇನ್‌ಲೆಸ್ ಸ್ಟೀಲ್ ಪಟ್ಟಿ, ಬೋಲ್ಟ್. ಜೊತೆಗೆ ಆ ಟ್ರಸ್‌ಗೆ ಎರಡೂ ತುದಿ ಹಿಡಿದೆಳೆಯುವ ಒಂದು ಸ್ಟೀಲ್ ಸರಳು (ಟೈ ರಾಡ್). ವಾಲಿದ ಗೋಡೆಯನ್ನು ವಾಪಸ್ ಎಳೆಯಲು ಹೋಗಬೇಡಿ. 20 ಅಡಿಗೆ ಒಂದೂವರೆ ಇಂಚು ಅಂದರೆ ಇಷ್ಟು ದಪ್ಪದ ಗೋಡೆಗೆ ಸಮಸ್ಯೆ ಇಲ್ಲ, ಇನ್ನು ಸರಿಯದ ಹಾಗೆ ಹಿಡಿದರೆ ಸಾಕು. ಬಿರುಕಿಗೆ ಅಡ್ಡ ತೆಳು ಗಾಜಿನ ಪಟ್ಟಿ ಅಂಟಿಸಿ, ತಾರೀಕು ಬರೆಯಿರಿ. ಗಾಜು ಒಡೆದರೆ ಇನ್ನೂ ಸರಿಯುತ್ತಿದೆ ಅಂತ. ನಿಂತಿದೆ ಅಂತ ಖಾತ್ರಿಯಾದ ಮೇಲೆ ಸುಣ್ಣದ ನೀರುಗಾರೆ ತುಂಬುವುದು.

ಪಂಪ್ ವಿಷಯದಲ್ಲಿ ದಯವಿಟ್ಟು ಅವಸರ ಬೇಡ. ಇಂಗ್ಲೆಂಡಿನ ವಿಂಚೆಸ್ಟರ್ ಕೆಥೆಡ್ರಲ್‌ನಲ್ಲಿ ಇದೇ ಪ್ರಶ್ನೆ ಬಂದಿತ್ತು. 1900ರ ನಂತರ ಅದರ ಪೂರ್ವ ಭಾಗ ಕುಸಿಯತೊಡಗಿತು, ಬುಡದಲ್ಲಿ ಮೆತ್ತನೆಯ ಜೌಗು ಮಣ್ಣು. ಹೊಸ ಪಾಯ ಕೊಡೋಣ ಎಂದು ಗುಂಡಿ ತೋಡಿದರೆ ನೀರು ತುಂಬಿತು. ಪಂಪ್ ಮಾಡಿದರೆ ನೀರಿನ ಜೊತೆ ಸಣ್ಣ ಮಣ್ಣೂ ಹೊರಟು ಗೋಡೆ ಇನ್ನೂ ಇಳಿಯುವ ಭಯ. ಇಂಜಿನಿಯರ್ ಫ್ರಾನ್ಸಿಸ್ ಫಾಕ್ಸ್ ಪಂಪ್ ಬಿಟ್ಟು ಮುಳುಗುಗಾರನನ್ನು ಕರೆಸಿದರು. ವಿಲಿಯಂ ವಾಕರ್ ಅನ್ನುವವರು 1906ರಿಂದ 1911ರ ತನಕ ಕೆಸರು ನೀರಿನ ಕತ್ತಲೆಯಲ್ಲಿ, ಕೈ ತಡವುತ್ತಾ, ಒಂದೊಂದೇ ಗುಂಡಿಯ ತಳಕ್ಕೆ ಕಾಂಕ್ರೀಟ್ ಚೀಲ ಜೋಡಿಸಿದರು. 25,000ಕ್ಕೂ ಹೆಚ್ಚು ಚೀಲ. ತಳ ಮುಚ್ಚಿದ ಮೇಲೆಯೇ ನೀರು ತೆಗೆದು ಮೇಲಿನ ಕಟ್ಟಡ ಕೆಲಸ ಮಾಡಿದರು. ಕೆಥೆಡ್ರಲ್ ಇವತ್ತಿಗೂ ನಿಂತಿದೆ.

ನಿಮಗೆ ಮುಳುಗುಗಾರ ಬೇಕಾಗಿಲ್ಲ, ಮಾರ್ಚ್ ತಿಂಗಳು ಇದೆ. ಬಾವಿಯ ನೀರು ಪೂರ್ತಿ ಕೆಳಗಿಳಿದಾಗ ಉತ್ತರದ ಪಾಯ ಅಗೆಯಿರಿ. ಒಟ್ಟಿಗೆ ಉದ್ದ ಚರಂಡಿ ತೋಡಬೇಡಿ, ಕಂಬಕ್ಕೊಂದು ಗುಂಡಿ, ತೋಡಿದ ದಿನವೇ ತಳದ ಕಾಂಕ್ರೀಟ್. ಹೊಸ ಮಾಡಿನ ನೀರು ಬಾವಿ ಕಡೆಗೂ ಬೇಡ, ಹಳೇ ಗೋಡೆ ಬುಡಕ್ಕೂ ಬೇಡ. ಇಳಿಜಾರು ನೋಡಿ ದೂರ ಸಾಗಿಸಿ.

ಇನ್ನೆರಡು ಮಾತು. ಚಿಪ್ಪಿಸುಣ್ಣದವರು ಸಾರಣೆ ತೆಗೆಯಲು ಹೇಳಿದ್ದಾರಲ್ಲ, ಅಲ್ತಾರ್ ಹಿಂದಿನ ಗೋಡೆಯನ್ನು ಮಾತ್ರ ಕೊನೆಗೆ ಇಟ್ಟುಕೊಳ್ಳಿ. ಹಳೇ ಸುಣ್ಣದ ಪದರಗಳ ಕೆಳಗೆ ಬಣ್ಣದ ಚಿತ್ರ ಇರಬಹುದು, ಮೊದಲು ಒಂದು ಅಂಗೈ ಅಗಲ ಚಾಕುವಿನಲ್ಲಿ ಪದರ ಪದರವಾಗಿ ಬಿಡಿಸಿ ನೋಡಿ. ಮಂಗಳೂರಿನ ಸೇಂಟ್ ಅಲೋಶಿಯಸ್ ಚಾಪೆಲ್‌ನಲ್ಲಿ ಆಂಟೋನಿಯೋ ಮೊಸ್ಕೇನಿ ಬರೆದ ಚಿತ್ರಗಳಿಗೆ 1990ರ ದಶಕದಲ್ಲಿ ಇಂಟ್ಯಾಕ್ (ಪರಂಪರೆ ಸಂರಕ್ಷಣೆಯ ಸಂಸ್ಥೆ) ತಜ್ಞರು ಮತ್ತೆ ಜೀವ ಕೊಟ್ಟರು. ಚಿತ್ರ ಸಿಕ್ಕರೆ ಅಂಥವರನ್ನೇ ಕರೆಸಬೇಕು, ಮೇಸ್ತ್ರಿಯ ಕೆಲಸ ಅಲ್ಲ. ಮತ್ತೆ ಮಾಡಿನ ಒಳಗಿನ ಹಳೇ ವೈರಿಂಗ್ ಪೂರ್ತಿ ಬದಲಾಯಿಸಿ, ಮರಕ್ಕೆ ತಾಗದ ಹಾಗೆ ಕಬ್ಬಿಣದ ಪೈಪಿನಲ್ಲಿ ಎಳೆಸಿ.

ಕಂಟ್ರಾಕ್ಟರಿಗೆ ಟೆಂಡರ್ ಕೊಡುವಾಗ ದುರಸ್ತಿ ಒಂದು, ಮೊಗಸಾಲೆ ಒಂದು, ಎರಡು ಬೇರೆ ಬೇರೆ ಮಾಡಿ. ಚದರ ಅಡಿ ಲೆಕ್ಕದಲ್ಲಿ ದುರಸ್ತಿ ಕೊಡಬೇಡಿ, ಬೇಗ ಮುಗಿಸಿದಷ್ಟೂ ಲಾಭ ಅನ್ನುವ ಹಾಗಾಗುತ್ತದೆ. ಗುಂಡಿ ತೆಗೆದ ದಿನ ಪಂಚಾಂಗದ ಫೋಟೋ ಅಳತೆಪಟ್ಟಿ ಇಟ್ಟು ತೆಗೆದು ಇಲ್ಲಿ ಹಾಕಿ. ನೋಡಿ ಕಂಬದ ಪಾಯದ ಅಳತೆ ಹೇಳುತ್ತೇನೆ. ಆಮೇಲೆ ಊರಲ್ಲೇ ಇರುವ ಒಬ್ಬ ಇಂಜಿನಿಯರ್ ಸ್ಥಳಕ್ಕೆ ಬಂದು ನೋಡಿ ಸಹಿ ಹಾಕಬೇಕು.

ಗುರ್ಕಾರ

ಪ್ರಾಪ್ ನಿನ್ನೆಯೇ ಕೊಡಿಸಿದೆವು ಮೇಡಂ, ಆ ಕಡೆಯ ಬೆಂಚೂ ತೆಗೆಸಿದ್ದೇವೆ. ಭಾನುವಾರ ಪೂಜೆ ಆದ ಮೇಲೆ ಸಭೆ ಇದೆ. ನಿಮ್ಮ ಲೆಕ್ಕವನ್ನು ದೊಡ್ಡ ಹಾಳೆಯಲ್ಲಿ ಬರೆದು ಗೋಡೆಗೆ ಹಚ್ಚುತ್ತೇನೆ. ಗುಂಡಿಯ ಫೋಟೋ ಮುಂದಿನ ವಾರ.

ಉತ್ತರ: ಚಿಪ್ಪಿಸುಣ್ಣ

ಗೋಡೆಗೆ ಹಚ್ಚುವಾಗ ಮೊಳೆ ಹೊಡೆಯಬೇಡಿ ಸರ್, ಬೋರ್ಡಿಗೆ ಹಚ್ಚಿ. ನವೆಂಬರ್‌ನಲ್ಲಿ ಮಾದರಿ ಸಾರಣೆಗೆ ಜನ ಬೇಕಾದರೆ ಮೆಸೇಜ್ ಮಾಡಿ, ನಾನೇ ಬಂದು ಮೊದಲ ಕೋಟು ತೋರಿಸಿಕೊಡುತ್ತೇನೆ.